ಆಫ್ರಿಕದ ಭಾಷೆಗಳೂ ಗಣಕಯಂತ್ರದ ಆಕರಗಳೂ

ಇತಿಹಾಸದ ವಿದ್ಯಾರ್ಥಿಯು ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಇದನ್ನು ಬರೆದವರು ಯಾರು? ಯಾವ ಉದ್ದೇಶದಿಂದ ಬರೆದರು? ಇದರಲ್ಲಿ ಯಾರ ಮಾತು ಬಿಟ್ಟುಹೋಗಿದೆ? ಗಣಕಯಂತ್ರಕ್ಕೆ ಭಾಷೆಯನ್ನು ಕಲಿಸುವ ಕಾರ್ಯದಲ್ಲಿಯೂ ಇವೇ ಪ್ರಶ್ನೆಗಳು ಏಳುತ್ತವೆ. ಭಾಷಾಂತರ ಮಾಡುವ, ಆಡಿದ ಮಾತನ್ನು ಬರಹಕ್ಕೆ ಇಳಿಸುವ ಇಂದಿನ ಯಂತ್ರವ್ಯವಸ್ಥೆಗಳು ವ್ಯಾಕರಣಸೂತ್ರಗಳನ್ನು ಓದಿ ಕಲಿಯುವಂಥವಲ್ಲ; ವಿಪುಲವಾದ ಬರಹಗಳಲ್ಲಿಯೂ ಧ್ವನಿಮುದ್ರಣಗಳಲ್ಲಿಯೂ ಪದಗಳು ಯಾವ ಕ್ರಮದಲ್ಲಿ ಬರುತ್ತವೆಂಬುದನ್ನು ಗಣಿಸಿ ಕಲಿಯುವಂಥವು. ಆದುದರಿಂದ ಸಂಗ್ರಹ ಎಂಥದೋ ಯಂತ್ರದ ಭಾಷಾಜ್ಞಾನವೂ ಅಂಥದೇ. ಆಫ್ರಿಕ ಖಂಡದ ಸುಮಾರು 2,000 ಭಾಷೆಗಳಲ್ಲಿ ಬಹುಪಾಲಿಗೆ ಇಂಥ ಸಂಗ್ರಹ ಅತ್ಯಲ್ಪ. ಈ ಕೊರತೆಯು ಆ ಭಾಷೆಗಳ ಸ್ವಭಾವದಿಂದ ಬಂದುದಲ್ಲ, ಚರಿತ್ರೆಯಿಂದ ಬಂದುದು.

ಆಫ್ರಿಕದಲ್ಲಿ ಬರವಣಿಗೆಯೇ ಇರಲಿಲ್ಲವೆಂಬ ಭಾವನೆ ಸರಿಯಲ್ಲ. ಇಥಿಯೋಪಿಯದ ಗೀಜ್ ಲಿಪಿ ಪ್ರಾಚೀನವಾದುದು. ಹೌಸಾ ಭಾಷೆಯನ್ನು ಅರಬ್ಬೀ ಅಕ್ಷರಗಳಲ್ಲಿ ಬರೆಯುವ ಅಜಮಿ ಪದ್ಧತಿಯು ಬ್ರಿಟಿಷರ ಆಳ್ವಿಕೆಗೆ ಮೊದಲೇ ಬಳಕೆಯಲ್ಲಿತ್ತು. ಗಿನಿಯ ಸೊಲೊಮಾನ ಕಾಂಟೆಯವರು ಮಾಂಡೆ ವರ್ಗದ ಭಾಷೆಗಳಿಗಾಗಿ 1949ರಲ್ಲಿ ಎನ್‌ಕೋ ಎಂಬ ಲಿಪಿಯನ್ನು ರಚಿಸಿದರು. ಅದು ಯೂನಿಕೋಡ್ ಎಂಬ ವಿಶ್ವಲಿಪಿಸಂಕೇತದಲ್ಲಿ ಸೇರಿದುದು 2006ರಲ್ಲಿ. ಲಿಪಿಯೊಂದು ಜನರ ಕೈಯಲ್ಲಿ ಇರುವುದು ಬೇರೆ, ಯಂತ್ರದಲ್ಲಿ ಇರುವುದು ಬೇರೆ.

ನೈಜೀರಿಯದ ನೈಋತ್ಯ ಭಾಗದಲ್ಲಿಯೂ ನೆರೆಯ ಬೆನಿನ್ ದೇಶದಲ್ಲಿಯೂ ಕೋಟ್ಯಂತರ ಜನರು ಆಡುವ ಯೊರುಬಾ ಭಾಷೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬಾಲ್ಯದಲ್ಲಿ, 1821ರಲ್ಲಿ, ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, ಮರುವರ್ಷ ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆ ಹೊಂದಿ, ಸಿಯೆರಾ ಲಿಯೋನಿನಲ್ಲಿ ವಿದ್ಯೆ ಕಲಿತ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಅವರು 1843ರಲ್ಲಿ ತಮ್ಮ ತಾಯ್ನುಡಿಯ ಪದಕೋಶವೊಂದನ್ನು ಪ್ರಕಟಿಸಿದರು. ಅವರೇ ಪ್ರಮುಖರಾಗಿ ದುಡಿದ ಬೈಬಲ್ ಭಾಷಾಂತರವು 1884ರಲ್ಲಿ ಪೂರ್ಣಗೊಂಡಿತು. ಹೀಗೆ ಯೊರುಬಾ ಮುದ್ರಣದ ತಳಹದಿ ಹೆಚ್ಚಾಗಿ ಧರ್ಮಪ್ರಚಾರದ ಸಾಹಿತ್ಯವಾಯಿತು. ಆಡಳಿತ, ಉಚ್ಚ ಶಿಕ್ಷಣಗಳು ಇಂಗ್ಲಿಷಿನಲ್ಲಿ ನಡೆದುವು. ನೈಜೀರಿಯವು 1960ರಲ್ಲಿ ಸ್ವತಂತ್ರವಾದ ಮೇಲೂ ಈ ಕ್ರಮ ಬಹುಮಟ್ಟಿಗೆ ಮುಂದುವರಿಯಿತು. ಪರಿಣಾಮವಾಗಿ, ಮನೆಯಲ್ಲಿಯೂ ಸಂತೆಯಲ್ಲಿಯೂ ಸಮೃದ್ಧವಾದ ಭಾಷೆಯು ಕಚೇರಿಯ ಕಡತದಲ್ಲಿ ಬಡವಾಗಿ ಉಳಿಯಿತು.

ಬರಹದ ರೂಪದಲ್ಲಿಯೂ ತೊಡಕುಂಟು. ಯೊರುಬಾ ಭಾಷೆಯಲ್ಲಿ ಏರು, ಸಮ, ಇಳಿ ಎಂಬ ಮೂರು ಸ್ವರಸ್ಥಾಯಿಗಳು ಅರ್ಥವನ್ನೇ ಬದಲಿಸುತ್ತವೆ. ‘ಒಕೊ’ ಎಂಬ ಎರಡಕ್ಷರದ ಪದಕ್ಕೆ ಸ್ಥಾಯಿಭೇದದಿಂದ ಗಂಡ, ಗುದ್ದಲಿ, ವಾಹನ, ಈಟಿ ಎಂಬ ಬೇರೆಬೇರೆ ಅರ್ಥಗಳಾಗುತ್ತವೆ. ಇವನ್ನು ತೋರಿಸಲು ರೋಮನ್ ಅಕ್ಷರದ ಮೇಲೆ ಗೀಟನ್ನೂ ಕೆಳಗೆ ಚುಕ್ಕೆಯನ್ನೂ ಇಡಬೇಕು. ಸಾಮಾನ್ಯ ಕೀಲಿಮಣೆಯಲ್ಲಿ ಅವಕ್ಕೆ ಎಡೆಯಿಲ್ಲವಾದ ಕಾರಣ ಬರೆಯುವವರು ಅವನ್ನು ಬಿಟ್ಟುಬಿಡುವುದುಂಟು. ಕನ್ನಡದಲ್ಲಿ ದೀರ್ಘವನ್ನು ಬಿಟ್ಟರೆ ‘ಬಾಳೆ’ಯೂ ‘ಬಳೆ’ಯೂ ಒಂದೇ ಆಗುವಂತೆ ಅಲ್ಲಿಯೂ ಆಗುತ್ತದೆ. ಸಂದರ್ಭವನ್ನು ಬಲ್ಲ ಓದುಗನು ಸರಿಪಡಿಸಿಕೊಳ್ಳುತ್ತಾನೆ. ಅಂಥ ಬರಹದಿಂದಲೇ ಕಲಿಯುವ ಯಂತ್ರವು ಎಡವುತ್ತದೆ. ಇದಲ್ಲದೆ, ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರವನ್ನು ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಿಸಬಹುದಾದುದರಿಂದ, ಮೊದಲೇ ಏಕರೂಪಕ್ಕೆ ತರದಿದ್ದರೆ ಯಂತ್ರವು ಒಂದೇ ಪದವನ್ನು ಎರಡೆಂದು ಎಣಿಸುತ್ತದೆ.

ಇನ್ನು ಸಂಗ್ರಹದ ವಿಚಾರ. 2019ರಲ್ಲಿ ವಿದ್ವತ್ಪ್ರಪಂಚಕ್ಕೆ ದೊರೆತ ‘ಜೆಡಬ್ಲ್ಯು 300’ ಎಂಬ ಸಂಗ್ರಹದಲ್ಲಿ 300ಕ್ಕೂ ಹೆಚ್ಚು ಭಾಷೆಗಳ ಸಮಾನಾಂತರ ವಾಕ್ಯಗಳಿದ್ದುವು. ಆಫ್ರಿಕದ ಅನೇಕ ಭಾಷೆಗಳ ಯಂತ್ರಾನುವಾದಕ್ಕೆ ಅದು ಮುಖ್ಯ ಆಧಾರವಾಯಿತು. ಅದರ ಮೂಲವಾದರೋ ಒಂದು ಕ್ರೈಸ್ತ ಪಂಥದ ಪ್ರಕಟನೆಗಳು. ಹಕ್ಕುಸ್ವಾಮ್ಯದ ಪ್ರಶ್ನೆಯೆದ್ದು ತರುವಾಯ ಅದನ್ನು ಸಾರ್ವಜನಿಕ ಬಳಕೆಯಿಂದ ಹಿಂತೆಗೆಯಲಾಯಿತು. ಪಂಥದ ಪತ್ರಿಕೆಯಿಂದ ಕಲಿತ ಯಂತ್ರವು ಉಪದೇಶದ ಮಾತನ್ನು ಬಲ್ಲುದು. ರೋಗಿಯ ದೂರನ್ನೋ ಬೇಸಾಯಗಾರನ ಸಂದೇಹವನ್ನೋ ಅಷ್ಟು ಬಲ್ಲದು. ಅಂತರ್ಜಾಲದಿಂದ ಯಂತ್ರವೇ ಬಾಚಿ ತಂದ ಸಂಗ್ರಹಗಳ ಸ್ಥಿತಿಯೂ ಆಶಾದಾಯಕವಲ್ಲ. ಪ್ರಪಂಚದ ನಾನಾ ಭಾಷೆಗಳ 205 ಸಂಗ್ರಹಗಳನ್ನು ಭಾಷೆ ಬಲ್ಲವರಿಂದ ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವುಗಳಲ್ಲಿ ಕನಿಷ್ಠ 15ರಲ್ಲಿ ಉಪಯೋಗಕ್ಕೆ ಬರುವ ಬರಹವೇ ಇರಲಿಲ್ಲ. ಹೆಸರು ಮಾತ್ರ ಒಂದು ಭಾಷೆಯದು, ಒಳಗಿನ ಮಾತು ಬೇರೆಯದು.

ಪರಿಹಾರದ ದಾರಿ ಎಲ್ಲಿದೆಯೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಝುಲು ಭಾಷೆಯಲ್ಲಿ ‘ಒಟ್ಟಾಗಿ ಕಟ್ಟುತ್ತೇವೆ’ ಎಂಬ ಅರ್ಥವುಳ್ಳ ಮಸಖಾನೆ ಎಂಬ ಸಂಶೋಧಕರ ಬಳಗವು 2019ರಲ್ಲಿ ಆರಂಭವಾಯಿತು. ಯಂತ್ರಶಾಸ್ತ್ರಜ್ಞರೊಡನೆ ಭಾಷಾಂತರಕಾರರೂ ಭಾಷಾವಿದರೂ ಸಾಮಾನ್ಯ ಭಾಷಿಕರೂ ಅದರಲ್ಲಿ ಸಮಾನರಾಗಿ ದುಡಿಯುತ್ತಾರೆ. 2020ರಲ್ಲಿ ಅವರು 30ಕ್ಕೂ ಹೆಚ್ಚು ಭಾಷೆಗಳ ಯಂತ್ರಾನುವಾದದ ಫಲಿತಾಂಶಗಳನ್ನು ಪ್ರಕಟಿಸಿದರು. 2021ರಲ್ಲಿ ಅಮ್ಹಾರಿಕ್, ಹೌಸಾ, ಸ್ವಾಹಿಲಿ, ಯೊರುಬಾ ಮೊದಲಾದ 10 ಭಾಷೆಗಳ ವಾರ್ತಾಬರಹಗಳಲ್ಲಿ ವ್ಯಕ್ತಿ, ಸ್ಥಳ, ಸಂಸ್ಥೆಗಳ ಹೆಸರುಗಳನ್ನು ಆಯಾ ಭಾಷಿಕರಿಂದಲೇ ಗುರುತಿಸಿದ ಸಂಗ್ರಹವನ್ನು ಹೊರತಂದರು. ಮೊಜಿಲ್ಲಾ ಸಂಸ್ಥೆಯ ಧ್ವನಿಸಂಗ್ರಹದಲ್ಲಿ ರುವಾಂಡದ ಕಿನ್ಯರುವಾಂಡ ಭಾಷೆಗೆ 2,000 ಗಂಟೆಗಳಿಗೂ ಮೀರಿದ ಧ್ವನಿಮುದ್ರಣವು ಸ್ವಯಂಸೇವಕರ ನೆರವಿನಿಂದ ಕೂಡಿದೆ. ಬರಹ ವಿರಳವಾಗಿದ್ದರೂ ಮಾತು ಯಥೇಚ್ಛವಾಗಿರುವ ಭಾಷೆಗಳಿಗೆ ಇದು ಮಾರ್ಗದರ್ಶಕವಾಗಿದೆ.

ಆದರೆ ಭಾಷಿಕರನ್ನು ಸೇರಿಸಿಕೊಂಡ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಪಟ್ಟಣದ ವಿದ್ಯಾವಂತ ತರುಣರ ಧ್ವನಿಯೇ ಸಂಗ್ರಹವನ್ನು ತುಂಬಿದರೆ ಹಳ್ಳಿಯ ವೃದ್ಧೆಯ ಉಪಭಾಷೆಯು ಪುನಃ ಹೊರಗುಳಿಯುತ್ತದೆ. ಮಾತನ್ನು ಕೊಟ್ಟವರಿಗೆ ಅದರ ಮೇಲೆ ಯಾವ ಹಕ್ಕು ಉಳಿಯುವುದೆಂಬ ಪ್ರಶ್ನೆಯೂ ಇದೆ. ಆಸ್ಪತ್ರೆಯ ಸೂಚನೆಯೂ ಸರಕಾರದ ಪ್ರಕಟಣೆಯೂ ಯಂತ್ರದ ಮೂಲಕ ಜನರನ್ನು ತಲಪುವ ಈ ಕಾಲದಲ್ಲಿ, ಯಂತ್ರಕ್ಕೆ ತಿಳಿಯದ ಭಾಷೆಯನ್ನಾಡುವವನು ಪರಭಾಷೆಯ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಭಾಷೆಯ ಭಂಡಾರವೂ ಒಂದು ದಫ್ತರವೇ. ಅದರಲ್ಲಿ ಯಾವುದು ಸೇರಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರವು ಭಾಷಿಕರಲ್ಲಿ ಇರುವಷ್ಟರ ಮಟ್ಟಿಗೇ ಅದು ಅವರ ಚರಿತ್ರೆಯಾಗುತ್ತದೆ.