ಶಿಕ್ಷಕರು ಮತ್ತು ಊರು: ಯಾದಗಿರಿ ಸೀಮೆಯಲ್ಲಿ ಸಂಬಂಧಗಳ ಜೋಪಾನ

2009ರ ಕೊನೆಗೆ ಕಲಬುರಗಿಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಯಾದಗಿರಿಯು 2011ರ ಜನಗಣತಿಯಲ್ಲಿ ರಾಜ್ಯದಲ್ಲಿಯೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆಯೆಂದು ದಾಖಲಾಯಿತು. ರಾಜ್ಯದ ಸರಾಸರಿ ಶೇ. 75ನ್ನು ದಾಟಿದ್ದಾಗ ಇಲ್ಲಿಯದು ಶೇ. 52ರ ಆಸುಪಾಸಿನಲ್ಲಿತ್ತು, ಮಹಿಳೆಯರದು ಇನ್ನೂ ಕೆಳಗೆ, ಸುಮಾರು ಶೇ. 41. ಈ ಅಂಕಿಗಳ ಚರ್ಚೆ ಬಂದಾಗಲೆಲ್ಲ ಕಟ್ಟಡ, ಖಾಲಿ ಹುದ್ದೆ, ಪಠ್ಯಪುಸ್ತಕಗಳ ಮಾತು ಬರುತ್ತದೆ. ಅವೆಲ್ಲ ಬೇಕೇ ಬೇಕು. ಆದರೆ ಮಗು ಶಾಲೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಎಷ್ಟೋ ಸಲ ನಿರ್ಧಾರವಾಗುವುದು ಶಿಕ್ಷಕರಿಗೂ ಆ ಮಗುವಿನ ಮನೆಗೂ ಇರುವ ಬಳಕೆಯಿಂದ.

ಗುಳೆಯನ್ನೇ ನೋಡಿ. ಮುಂಗಾರಿನ ಬೆಳೆ ಮುಗಿಯುತ್ತಿದ್ದಂತೆ ಶಹಾಪುರ, ಸುರಪುರ, ಯಾದಗಿರಿ ತಾಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ನಾರಾಯಣಪುರ ಕಾಲುವೆಯ ನೀರು ಹರಿಯುವ ಊರುಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಹೆಣ್ಣುಮಕ್ಕಳ ಹಾಜರಿ ತಾನೇ ಇಳಿಯುತ್ತದೆ. ಸಾಮಾನು ಕಟ್ಟಿದ ದಿನ ಮನೆಗೆ ಓಡಿ ಬಂದ ಶಿಕ್ಷಕರ ಮಾತನ್ನು ತಂದೆತಾಯಿ ಗೌರವದಿಂದ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಮರುದಿನ ಮಗುವನ್ನು ಕರೆದುಕೊಂಡೇ ಬಸ್ಸು ಹತ್ತುತ್ತಾರೆ. ಅದೇ ಶಿಕ್ಷಕರು ಜೂನ್‌ನಿಂದಲೇ ಆ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಸಲ ಕುಳಿತು ಹೋಗಿದ್ದರೆ ಮಾತಿನ ಬಗೆಯೇ ಬೇರೆ. ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಇದೆಯೇ, ಹೋಗಲೇಬೇಕಾದರೆ ಅಲ್ಲಿನ ಶಾಲೆಗೆ ಸೇರಿಸುವ ಬಗೆ ಏನು ಎಂಬುದನ್ನು ತಂದೆತಾಯಿ ತಾವಾಗಿಯೇ ಕೇಳುತ್ತಾರೆ. ಸಂಬಂಧವನ್ನು ಅಗತ್ಯ ಬೀಳುವ ಮೊದಲೇ ಕಟ್ಟಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಇದು ಸುಲಭವೆಂದು ಹೇಳಲಾಗದು. ಬೇರೆ ಜಿಲ್ಲೆಗಳಿಂದ ಬಂದ ಶಿಕ್ಷಕರು ಅನೇಕರು. ಶಹಾಪುರದಲ್ಲೋ ಸುರಪುರದಲ್ಲೋ ಮನೆ ಮಾಡಿ, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುವವರು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗುರುಮಠಕಲ್ ಕಡೆಯ ಹಲವು ಮನೆಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ಈ ಸೀಮೆಯ ಕನ್ನಡವೂ ಹೊಸಬರಿಗೆ ಮೊದಮೊದಲು ಬಿರುಸೆನ್ನಿಸುತ್ತದೆ. ಆದರೆ ಹಿರಿಯರನ್ನು ‘ಕಾಕಾ’ ಎಂದೂ ತಾಯಂದಿರನ್ನು ‘ಅಕ್ಕಾ’, ‘ಯವ್ವಾ’ ಎಂದೂ ಕರೆದು ಮಾತಿಗೆ ತೊಡಗಿದ ಮಾಸ್ತರರಿಗೆ ಇಲ್ಲಿ ಬಾಗಿಲು ಮುಚ್ಚಿದ್ದು ಅಪರೂಪ. ಒಂದು ನಿಯಮವನ್ನಂತೂ ಪಾಲಿಸಬೇಕು: ಮೊದಲ ಭೇಟಿಯಲ್ಲಿ ಮಗುವಿನ ಕುರಿತು ದೂರು ಹೇಳಬಾರದು. ದೂರು ಹೊತ್ತು ಮಾತ್ರ ಬರುವ ಶಿಕ್ಷಕರನ್ನು ಕಂಡರೆ ಮನೆಯವರು ಹಿತ್ತಲ ಕಡೆಗೆ ಸರಿಯುತ್ತಾರೆ.

2001ರ ಸರ್ಕಾರಿ ಆದೇಶದಿಂದ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಪೋಷಕರನ್ನು ಶಾಲೆಯ ಆಡಳಿತದೊಳಕ್ಕೆ ತಂದಿತು. ಸಹಿ ಪಡೆಯಲು ಮಾತ್ರ ಸದಸ್ಯರನ್ನು ಕರೆಯುವ ಕಡೆ ಅದು ಕಾಗದದ ಸಮಿತಿಯಾಗಿಯೇ ಉಳಿದಿದೆ.

ಆತ್ಮೀಯತೆಗೆ ಮೇರೆಯೂ ಬೇಕು. ಊರಿನ ಚುನಾವಣೆ, ಒಳಜಗಳಗಳಲ್ಲಿ ಪಕ್ಷ ವಹಿಸುವುದು, ಪೋಷಕರಿಂದ ಕೈಗಡ ಪಡೆಯುವುದು ಇವು ಬಳಕೆಯನ್ನು ಹಾಳುಗೆಡಹುತ್ತವೆ. ಮಗುವಿನ ವಿಷಯದಲ್ಲಿ ಮೇರೆ ಇನ್ನೂ ಕಟ್ಟುನಿಟ್ಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಹೊಡೆದು ಬುದ್ಧಿ ಕಲಿಸಿರಿ ಸರ್’ ಎಂದು ತಂದೆಯೇ ಹೇಳಿದರೂ ಅದು ಅನುಮತಿಯಲ್ಲ.

ಸಹೋದ್ಯೋಗಿಗಳ ನಡುವಿನ ಸಂಬಂಧಕ್ಕೆ ನಮ್ಮಲ್ಲಿ ಕೊಡುವ ಗಮನ ತೀರ ಕಡಿಮೆ. ಒಂದೇ ತರಗತಿಯ ಹೊಣೆ ಹೊತ್ತರೂ ಅತಿಥಿ ಶಿಕ್ಷಕರಿಗೆ ಸಿಗುವುದು ಗೌರವಧನ ಮಾತ್ರ, ವರ್ಷಾಂತ್ಯಕ್ಕೆ ಅದೂ ಇಲ್ಲ. ಅವರನ್ನೂ ಬಿಸಿಯೂಟದ ಅಕ್ಕಂದಿರನ್ನೂ ಶಾಲೆ ಹೇಗೆ ಮಾತನಾಡಿಸುತ್ತದೆ ಎಂಬುದನ್ನು ಮಕ್ಕಳು ಗಮನಿಸುತ್ತಲೇ ಇರುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಪಾಠವನ್ನು ಅವರು ಕಲಿಯುವುದು ಅಲ್ಲಿಯೇ. ಸುರಪುರ ತಾಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳೊಡನೆ ದೀರ್ಘಕಾಲ ಕೆಲಸ ಮಾಡಿದಾಗ, ಶಿಕ್ಷಕರ ಕಲಿಕಾ ಕೇಂದ್ರಗಳೂ ನಡೆದವು. ಶಾಲೆಯ ವೇಳೆ ಮುಗಿದ ಬಳಿಕ ಶಿಕ್ಷಕರು ಸ್ವಇಚ್ಛೆಯಿಂದ ಕೂಡಿ ತಮ್ಮ ತರಗತಿಯ ತೊಡಕುಗಳನ್ನು ಮಾತನಾಡಿಕೊಳ್ಳುತ್ತಿದ್ದರು. ಮೇಲಧಿಕಾರಿಯ ಭಯವಿಲ್ಲದೆ ‘ಇದು ನನಗೆ ತಿಳಿಯದು’ ಎನ್ನಲು ಒಂದು ಜಾಗ ಸಿಗುವುದು ವೃತ್ತಿಜೀವನದಲ್ಲಿ ಸಣ್ಣ ಮಾತಲ್ಲ.

ಇನ್ನು ಸ್ವಂತ ಮನೆ. ಪತಿ ಒಂದು ತಾಲೂಕಿನಲ್ಲಿ, ಪತ್ನಿ ಇನ್ನೊಂದರಲ್ಲಿ, ಮಕ್ಕಳು ಅಜ್ಜಿಯೊಡನೆ ಮತ್ತೊಂದು ಊರಿನಲ್ಲಿ ಇರುವ ಶಿಕ್ಷಕ ಕುಟುಂಬಗಳು ಈ ಭಾಗದಲ್ಲಿವೆ. ಇದೇ ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಅವರು ನೇಕಾರರು, ಅವರ ಮತ್ತು ದುಗ್ಗಳೆಯವರ ದಾಂಪತ್ಯವನ್ನು ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ಆ ಮನೆಯಲ್ಲಿ ಮಗ್ಗಕ್ಕೂ ಬಾಳಿಗೂ ಇಬ್ಬರ ಕೈ ಇತ್ತು. ಇಂದಿನ ಶಿಕ್ಷಕರ ಮನೆಯಲ್ಲಿ ಸಂಜೆಯೂ ಇಲಾಖೆಯ ವಾಟ್ಸಪ್ ಗುಂಪಿನದೇ ಸದ್ದು. ರಾತ್ರಿ ಊಟದ ಹೊತ್ತಿಗೆ ಅಂಕಿಅಂಶ ಕೇಳುವ ಪದ್ಧತಿಯನ್ನು ಮುಖ್ಯಗುರುಗಳು ತಮ್ಮ ಮಟ್ಟದಲ್ಲಾದರೂ ನಿಲ್ಲಿಸಬೇಕು.

ವರ್ಗಾವಣೆ ಬಂದಾಗ ಇನ್ನೊಂದು ಕೆಲಸ ಉಳಿಯುತ್ತದೆ. ಹಾಜರಿ ಪುಸ್ತಕ, ದಾಸ್ತಾನು ವಹಿ, ಬೀಗದ ಕೈ ಎಲ್ಲವನ್ನೂ ಪಟ್ಟಿ ಮಾಡಿ ಹಸ್ತಾಂತರಿಸುತ್ತೇವೆ. ಗುಳೆ ಹೋಗುವ ಮನೆಗಳು ಯಾವುವು, ಯಾವ ಅಜ್ಜಿಯ ಮಾತು ಆ ಓಣಿಯಲ್ಲಿ ನಡೆಯುತ್ತದೆ, ಯಾವ ಹುಡುಗಿಯ ಮದುವೆಯ ಮಾತು ಗುಟ್ಟಾಗಿ ಎದ್ದಿದೆ ಎಂಬ ತಿಳಿವಳಿಕೆ ಯಾವ ವಹಿಯಲ್ಲಿಯೂ ಇರುವುದಿಲ್ಲ. ಹೋಗುವ ಶಿಕ್ಷಕರು ಬರುವವರನ್ನು ಒಂದು ಸಂಜೆ ಜೊತೆಗೆ ಕರೆದುಕೊಂಡು ಆ ಮನೆಗಳಿಗೆ ಹೋಗಿ, ‘ಇನ್ನು ಮುಂದೆ ಇವರು ನಿಮ್ಮ ಸರ್’ ಎಂದು ಪರಿಚಯಿಸಿ ಬಂದರೆ ಹೊಸಬರಿಗೆ ಒಂದು ವರ್ಷದ ಅಲೆದಾಟ ಉಳಿಯುತ್ತದೆ.