ಗಣಕ ತರಗತಿ: ಪಾಠ ಹೇಳುವವರ ಮಾತಿಗೆ ಕಿವಿಗೊಟ್ಟಾಗ



ವಿಶ್ವವಿದ್ಯಾಲಯವೊಂದರಲ್ಲಿ ಹೊಸ ಗಣಕಯಂತ್ರ ತರಗತಿಯ ಉದ್ಘಾಟನೆಯಾದಾಗ ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನು ನೀವು ಗಮನಿಸಿರಬಹುದು. ಎಷ್ಟು ಯಂತ್ರಗಳು, ಎಷ್ಟು ವೆಚ್ಚ, ಉದ್ಘಾಟಿಸಿದವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗೆ ಹಲಗೆ ಕಾಣುತ್ತದೆಯೇ, ಅಧ್ಯಾಪಕರು ಆ ವಿದ್ಯಾರ್ಥಿಯ ಬಳಿಗೆ ಹೋಗಲು ದಾರಿಯಿದೆಯೇ ಎಂಬ ವಿವರ ಮಾತ್ರ ಇರುವುದಿಲ್ಲ. ಆದರೆ ಆ ಕೋಣೆಯಲ್ಲಿ ಕಲಿಕೆ ನಡೆಯುವುದೋ ಇಲ್ಲವೋ ಎಂಬುದು ಬಹುಪಾಲು ಇಂತಹ ವಿವರಗಳನ್ನೇ ಅವಲಂಬಿಸಿದೆ.

ಇದನ್ನು ಎಲ್ಲರಿಗಿಂತ ಮೊದಲು ಅರಿಯುವವರು ಆ ಕೋಣೆಯಲ್ಲಿ ನಿತ್ಯ ಪಾಠ ಹೇಳುವ ಅಧ್ಯಾಪಕರು. ಅವರ ಅಭಿಪ್ರಾಯವನ್ನು ಕೇಳಿ ಕೋಣೆಯನ್ನು ತಿದ್ದಿಕೊಂಡರೆ ಏನಾಗುತ್ತದೆ? ಕೇಳುವ ಕ್ರಮ ಯಾವುದು? ಈ ವಿಚಾರವನ್ನು ಕೆಲವು ನೈಜ ಉದಾಹರಣೆಗಳೊಂದಿಗೆ ತಿಳಿದುಕೊಳ್ಳೋಣ.

ಯಂತ್ರದ ಕೋಣೆ, ಪಾಠದ ಕೋಣೆ

ಒಂದು ಕಾಲದಲ್ಲಿ ಇವೆರಡೂ ಬೇರೆ ಬೇರೆಯಾಗಿದ್ದವು. 1963ರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ ಐಬಿಎಂ 1620 ಎಂಬ ಗಣಕಯಂತ್ರ ಬಂದಿತು. ನಮ್ಮ ದೇಶದಲ್ಲಿ ವಿದ್ಯಾರ್ಥಿಗಳಿಗೆ ಗಣಕ ವಿಜ್ಞಾನವನ್ನು ಕಲಿಸುವ ಕೆಲಸಕ್ಕೆ ಅದು ದೊಡ್ಡ ಆರಂಭ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಪ್ರೊ. ವಿ. ರಾಜಾರಾಮನ್ ಅವರು ಆ ದಿನಗಳಲ್ಲಿ ಅಲ್ಲಿ ಕಲಿಸುತ್ತಿದ್ದರು. ಪಾಠ ನಡೆಯುತ್ತಿದ್ದುದು ತರಗತಿಯಲ್ಲಿ, ಯಂತ್ರವಿದ್ದುದು ಇನ್ನೊಂದು ಕೋಣೆಯಲ್ಲಿ. ಬರೆದ ಕಾರ್ಯಕ್ರಮವನ್ನು ರಂಧ್ರ ಕೊರೆದ ಕಾರ್ಡುಗಳ ಮೂಲಕ ಯಂತ್ರಕ್ಕೆ ಉಣಿಸಬೇಕಾಗಿತ್ತು.

1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅವರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ರೂಪಿಸಿದರು. ಅದರೊಂದಿಗೆ ಬೇಸಿಕ್ ಎಂಬ ಸರಳ ಗಣಕ ಭಾಷೆಯೂ ಹುಟ್ಟಿತು. ವಿದ್ಯಾರ್ಥಿಯು ಬೆರಳಚ್ಚು ಯಂತ್ರದಂತಹ ಉಪಕರಣದ ಮುಂದೆ ಕುಳಿತು ಪ್ರಶ್ನೆ ಕೊಟ್ಟರೆ ಉತ್ತರವು ಕಾಗದದ ಮೇಲೆ ಮೂಡುತ್ತಿತ್ತು. 1981ರಲ್ಲಿ ಐಬಿಎಂ ವೈಯಕ್ತಿಕ ಗಣಕ ಮಾರುಕಟ್ಟೆಗೆ ಬಂದ ಮೇಲೆ ಯಂತ್ರಗಳು ನೇರವಾಗಿ ತರಗತಿಯನ್ನೇ ಪ್ರವೇಶಿಸಿದವು.

ತೊಡಕು ಆರಂಭವಾದುದು ಇಲ್ಲಿಂದಲೇ. ಉಪನ್ಯಾಸಕ್ಕೆಂದು ಕಟ್ಟಿದ ಕೋಣೆಯಲ್ಲಿ, ಸಾಲು ಮೇಜುಗಳ ಮೇಲೆ, ಸಾಲು ಯಂತ್ರಗಳನ್ನು ಇಟ್ಟರು. ಅದು ಯಂತ್ರಗಳಿರುವ ಕೋಣೆಯಾಯಿತು. ಯಂತ್ರಗಳ ನೆರವಿನಿಂದ ಪಾಠ ನಡೆಯುವ ಕೋಣೆಯಾಗಲಿಲ್ಲ.

ಅಧ್ಯಾಪಕರು ಏನು ಹೇಳುತ್ತಾರೆ?

ಇಂತಹ ಕೋಣೆಗಳಲ್ಲಿ ಪಾಠ ಹೇಳುವವರನ್ನು ಯಾವ ದೇಶದಲ್ಲಿ ಕೇಳಿದರೂ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನೋಟದ ತೊಂದರೆ. ಮೇಜಿನ ಮೇಲಿನ ಮಾನಿಟರುಗಳು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವೆ ಗೋಡೆಯಂತೆ ನಿಲ್ಲುತ್ತವೆ. ಯಾರ ಮುಖದಲ್ಲಿ ಗೊಂದಲವಿದೆ ಎಂಬುದು ಪಾಠ ಹೇಳುವವರಿಗೆ ಕಾಣುವುದಿಲ್ಲ. ಅರ್ಥವಾಗದ ವಿದ್ಯಾರ್ಥಿ ಎದ್ದು ಕೇಳದಿದ್ದರೆ ಅದು ಯಾರಿಗೂ ತಿಳಿಯದೇ ಹೋಗುತ್ತದೆ.

ಎರಡನೆಯದು ಗಮನದ ತೊಂದರೆ. ಅಧ್ಯಾಪಕರು ವಿವರಿಸುವಾಗಲೂ ಕಣ್ಣ ಮುಂದೆ ಪರದೆ ಬೆಳಗುತ್ತಲೇ ಇರುತ್ತದೆ. ಕಣ್ಣು ಅತ್ತ ಹೋಗುವುದು ಸಹಜ. ಇತ್ತ ಪರದೆಗಳ ಹಿಂಬದಿ ಮಾತ್ರ ಕಾಣುವುದರಿಂದ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಅಧ್ಯಾಪಕರಿಗೆ ಗೊತ್ತಾಗುವುದಿಲ್ಲ.

ಮೂರನೆಯದು ಗೋಡೆಯ ಮೇಲಿನ ದೊಡ್ಡ ಪರದೆ. ಅದರಲ್ಲಿನ ಅಕ್ಷರಗಳು ಹಿಂದಿನವರಿಗೆ ಓದಲು ಬರಬೇಕಾದರೆ ಪರದೆಯ ಎತ್ತರವು ಕೊನೆಯ ಸಾಲಿನ ದೂರದ ಆರನೆಯ ಒಂದು ಭಾಗವಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಕೊನೆಯ ಸಾಲು 9 ಮೀಟರ್ ದೂರದಲ್ಲಿದ್ದರೆ ಪರದೆಯ ಎತ್ತರ ಒಂದೂವರೆ ಮೀಟರ್ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಹಿಂದೆ ಕುಳಿತವರು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳಬೇಕಾಗುತ್ತದೆ.

ನಾಲ್ಕನೆಯದು ಬೆಳಕು. ಅನೇಕ ಕೋಣೆಗಳಲ್ಲಿ ಒಂದು ಸ್ವಿಚ್ಚು ಅದುಮಿದರೆ ಎಲ್ಲ ದೀಪಗಳೂ ಆರುತ್ತವೆ. ಪರದೆ ಚೆನ್ನಾಗಿ ಕಾಣುತ್ತದೆ, ಆದರೆ ಟಿಪ್ಪಣಿ ಬರೆದುಕೊಳ್ಳಲು ಬೆಳಕಿರುವುದಿಲ್ಲ. ಪರದೆಯ ಬಳಿಯ ಸಾಲು ದೀಪಗಳಿಗೆ ಬೇರೆ ಸ್ವಿಚ್ಚು ಕೊಟ್ಟರೆ ಈ ತೊಂದರೆ ನಿವಾರಣೆಯಾಗುತ್ತದೆ. ಇದಕ್ಕೆ ತಗಲುವ ಖರ್ಚು ಅಲ್ಪ.

ಐದನೆಯದು ಸದ್ದು ಮತ್ತು ಸೆಕೆ. ಪರದೆಯೂ ಸೇರಿ ಒಂದು ಮೇಜು ಗಣಕವು ಕೆಲಸದಲ್ಲಿರುವಾಗ ಸುಮಾರು 100 ವ್ಯಾಟ್ ಶಾಖವನ್ನು ಹೊರಹಾಕುತ್ತದೆ ಎಂದಿಟ್ಟುಕೊಳ್ಳಿ. ಕುಳಿತ ಮನುಷ್ಯನ ದೇಹವೂ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಬಿಡುತ್ತದೆ. 40 ಯಂತ್ರ, 40 ವಿದ್ಯಾರ್ಥಿಗಳೆಂದರೆ 8 ಕಿಲೋವ್ಯಾಟ್! ಅದನ್ನು ಹೊರಹಾಕಲು ಫ್ಯಾನು ಅಥವಾ ಹವಾನಿಯಂತ್ರಣ ಬೇಕು. ಅವುಗಳ ಸದ್ದಿನಲ್ಲಿ ಮಾತು ಮುಳುಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಬಂದ ತರಗತಿ ಮಾನಕವು ಜನರಿಲ್ಲದ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ಹೇಳಿತು. ಇದು ಗ್ರಂಥಾಲಯದ ನಿಶ್ಶಬ್ದಕ್ಕೆ ಹತ್ತಿರವಾದುದು.

ಆರನೆಯದು ಕಾಲಹರಣ. ಪ್ರೊಜೆಕ್ಟರ್ ಹೊತ್ತಿಸುವುದು, ಸರಿಯಾದ ತಂತಿ ಹುಡುಕುವುದು, ಕೆಟ್ಟ ಯಂತ್ರ ಬಿಟ್ಟು ಬೇರೆಯದಕ್ಕೆ ಹೋಗುವುದು, ಇವುಗಳಲ್ಲಿ ತರಗತಿಗೆ 7 ನಿಮಿಷ ಹೋಯಿತೆಂದು ಭಾವಿಸಿ. ಒಂದು ವಿಷಯಕ್ಕೆ 50 ನಿಮಿಷಗಳ 40 ತರಗತಿಗಳಿದ್ದರೆ ಒಟ್ಟು 280 ನಿಮಿಷ ನಷ್ಟ. ಅಂದರೆ ಐದು ತರಗತಿಗಳಿಗೂ ಹೆಚ್ಚು. ಎಲ್ಲ ಕೋಣೆಗಳಲ್ಲೂ ಸ್ವಿಚ್ಚುಗಳು ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿರಲಿ ಎಂದು ಅಧ್ಯಾಪಕರು ಕೇಳುವುದು ಇದಕ್ಕಾಗಿಯೇ.

ಕುರ್ಚಿ ತಿರುಗಿಸಿದರೆ ಸಾಕು

ಈ ದೂರುಗಳಲ್ಲಿ ಮೊದಲ ಎರಡಕ್ಕೆ ಜಾಣ ಪರಿಹಾರವೊಂದು 1990ರ ದಶಕದ ಆರಂಭದಲ್ಲಿ ಅಮೆರಿಕದ ಟ್ರಾಯ್ ನಗರದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ರೂಪುಗೊಂಡಿತು. ಅಲ್ಲಿ ಭೌತಶಾಸ್ತ್ರಕ್ಕೆ ದೊಡ್ಡ ಸಭಾಂಗಣದಲ್ಲಿ ಉಪನ್ಯಾಸ, ಚಿಕ್ಕ ಕೋಣೆಯಲ್ಲಿ ಲೆಕ್ಕಗಳ ಅಭ್ಯಾಸ, ಪ್ರಯೋಗಾಲಯದಲ್ಲಿ ಪ್ರಯೋಗ ಎಂದು ಮೂರು ಭಾಗಗಳಿದ್ದವು. ಪ್ರಾಧ್ಯಾಪಕ ಜ್ಯಾಕ್ ವಿಲ್ಸನ್ ಮತ್ತು ಅವರ ಸಂಗಡಿಗರು ಈ ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಅದನ್ನು ಸ್ಟುಡಿಯೋ ತರಗತಿ ಎಂದು ಕರೆದರು. ವಾರಕ್ಕೆ ಆರು ಗಂಟೆಗಳ ಪಾಠ ನಾಲ್ಕು ಗಂಟೆಗಳಿಗೆ ಇಳಿಯಿತು.

ಅದರ ಏರ್ಪಾಡನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಇಬ್ಬಿಬ್ಬರು ಕೂರುವ ಮೇಜುಗಳು ಒಂದರ ಹಿಂದೊಂದು ಬಾಗಿದ ಸಾಲುಗಳಲ್ಲಿವೆ. ಯಂತ್ರದಲ್ಲಿ ಕೆಲಸ ಮಾಡುವಾಗ ವಿದ್ಯಾರ್ಥಿಗಳ ಬೆನ್ನು ಕೋಣೆಯ ನಡುವಿನ ಕಡೆಗಿರುತ್ತದೆ. ನಡುವೆ ನಿಂತ ಅಧ್ಯಾಪಕರಿಗೆ ಎಲ್ಲ ಪರದೆಗಳೂ ಒಮ್ಮೆಗೇ ಕಾಣುತ್ತವೆ. ಚರ್ಚೆಯ ಸಮಯ ಬಂದಾಗ ವಿದ್ಯಾರ್ಥಿಗಳು ಕುರ್ಚಿ ತಿರುಗಿಸಿ ನಡುವಿನ ಕಡೆಗೆ ಮುಖ ಮಾಡುತ್ತಾರೆ. ಪರದೆ ಈಗ ಬೆನ್ನ ಹಿಂದೆ! ಯಂತ್ರವನ್ನು ಆರಿಸಬೇಕಾಗಿಲ್ಲ, ಯಾರನ್ನೂ ಗದರಿಸಬೇಕಾಗಿಲ್ಲ. ಪಾಠ ಹೇಳುವವರ ಕಷ್ಟವನ್ನು ಬಲ್ಲವರೇ ಕೋಣೆಯ ನಕ್ಷೆಯನ್ನು ಬರೆದುದರ ಫಲ ಇದು.

ಮೂವರಿಗೆ ಒಂದು ಯಂತ್ರ

ಇದೇ ದಶಕದಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಬೈಕ್ನರ್ ಇನ್ನೊಂದು ಸಮಸ್ಯೆಯನ್ನು ಎತ್ತಿಕೊಂಡರು. ಸುಮಾರು ನೂರು ಮಂದಿಯ ತರಗತಿಯಲ್ಲೂ ಇದು ಸಾಧ್ಯವೇ? ಅವರು ಆರಿಸಿಕೊಂಡದ್ದು 7 ಅಡಿ ವ್ಯಾಸದ ದುಂಡು ಮೇಜು. ಒಂದೊಂದು ಮೇಜಿಗೆ ಒಂಬತ್ತು ವಿದ್ಯಾರ್ಥಿಗಳು, ಮೂವರಂತೆ ಮೂರು ಗುಂಪು, ಗುಂಪಿಗೊಂದು ಮಡಿಸುವ ಗಣಕ. ಇಂತಹ 11 ಮೇಜುಗಳಲ್ಲಿ 99 ವಿದ್ಯಾರ್ಥಿಗಳು.

ಪ್ರತಿಯೊಬ್ಬರಿಗೂ ಒಂದೊಂದು ಯಂತ್ರ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಹಾಗೆ ಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಪರದೆಯಲ್ಲೇ ಮುಳುಗುತ್ತಾರೆ. ಮೂವರಿಗೆ ಒಂದಿದ್ದರೆ ಮಾತಾಡಲೇಬೇಕು, ಒಬ್ಬರಿಗೊಬ್ಬರು ವಿವರಿಸಲೇಬೇಕು. ಮಡಿಸುವ ಗಣಕ ತಗ್ಗಾಗಿರುವುದರಿಂದ ಎದುರಿನವರ ಮುಖವೂ ಕಾಣುತ್ತದೆ. ಈ ತರಗತಿಗಳಲ್ಲಿ ಅನುತ್ತೀರ್ಣರಾಗುವವರ ಪ್ರಮಾಣ ಬಹಳ ಇಳಿಯಿತು. ಅದರಲ್ಲೂ ಹೆಣ್ಣುಮಕ್ಕಳಿಗೆ ಆದ ಲಾಭ ಹೆಚ್ಚಿನದು.

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಜಾನ್ ಬೆಲ್ಚರ್ ಅವರ ಮುಂದಾಳುತನದಲ್ಲಿ 2000ದ ಸುಮಾರಿಗೆ ಇದೇ ಮಾದರಿಯ ಕೋಣೆ ಸಿದ್ಧವಾಯಿತು. ಮೊದಲ ವರ್ಷದ ಭೌತಶಾಸ್ತ್ರ ಉಪನ್ಯಾಸಗಳಿಗೆ ಅಲ್ಲಿ ಹಾಜರಿ ತೀರ ಕಡಿಮೆಯಾಗುತ್ತಿದ್ದುದೇ ಇದಕ್ಕೆ ಪ್ರೇರಣೆ. ಆದರೆ ಹೊಸ ಪದ್ಧತಿಯನ್ನು ವಿಸ್ತರಿಸಿದಾಗ ಅನೇಕ ವಿದ್ಯಾರ್ಥಿಗಳು ಅದನ್ನು ವಿರೋಧಿಸಿದರು; 2003ರಲ್ಲಿ ಮನವಿಪತ್ರವನ್ನೂ ಸಲ್ಲಿಸಿದರು. ಸಂಸ್ಥೆ ಆ ಪದ್ಧತಿಯನ್ನು ಕೈಬಿಡಲಿಲ್ಲ, ತಿದ್ದಿಕೊಂಡಿತು. ಹೊಸ ಕೋಣೆಯಲ್ಲಿ ಪಾಠ ಹೇಳುವ ಅಧ್ಯಾಪಕರಿಗೂ ತರಬೇತಿ ಬೇಕೆಂಬುದು ಅಲ್ಲಿ ಕಲಿತ ಮುಖ್ಯ ಪಾಠ.

ಕೋಣೆಯೊಂದೇ ಸಾಲದು

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ರೆನ್ಸೆಲೇರ್ ಸಂಸ್ಥೆಯ ಸ್ಟುಡಿಯೋ ತರಗತಿಗಳ ಬಗ್ಗೆ 1999ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಿದ್ಯಾರ್ಥಿಗಳು ಮೊದಲು ಏನನ್ನು ತಿಳಿದಿರಲಿಲ್ಲವೋ ಅದರಲ್ಲಿ ಎಷ್ಟು ಪಾಲನ್ನು ಹೊಸದಾಗಿ ಕಲಿತರು ಎಂದು ಅದು ಅಳೆಯಿತು. ಸುಂದರ ಕೋಣೆಯಿದ್ದರೂ ಸಾಮಾನ್ಯ ಸ್ಟುಡಿಯೋ ತರಗತಿಯಲ್ಲಿ ಕಲಿತದ್ದು ಸುಮಾರು ಐದನೆಯ ಒಂದು ಪಾಲು ಮಾತ್ರ. ಇದು ಹಳೆಯ ಉಪನ್ಯಾಸ ಪದ್ಧತಿಗಿಂತ ಹೆಚ್ಚೇನೂ ಅಲ್ಲ.

ಅದೇ ಕೋಣೆಯಲ್ಲಿ ಪಾಠದ ಕ್ರಮವನ್ನು ಬದಲಿಸಿದಾಗ ಚಿತ್ರವೂ ಬದಲಾಯಿತು. ಪ್ರಯೋಗವನ್ನು ತೋರಿಸುವ ಮೊದಲು, ಏನಾಗಬಹುದೆಂದು ವಿದ್ಯಾರ್ಥಿಗಳು ಬರೆದು, ಪಕ್ಕದವರೊಂದಿಗೆ ಚರ್ಚಿಸಿ, ಆಮೇಲೆ ಫಲಿತಾಂಶ ನೋಡುವುದು ಒಂದು ಕ್ರಮ. ಕಠಿಣ ಲೆಕ್ಕವನ್ನು ಗುಂಪಾಗಿ ಬಿಡಿಸುವುದು ಇನ್ನೊಂದು. ಇವುಗಳಿಂದ ಕಲಿಕೆಯ ಪಾಲು ಮೂರನೆಯ ಒಂದಕ್ಕಿಂತ ಹೆಚ್ಚಾಯಿತು. ಒಳ್ಳೆಯ ಕೋಣೆ ಒಳ್ಳೆಯ ಪಾಠಕ್ಕೆ ಅವಕಾಶ ಮಾಡಿಕೊಡುತ್ತದೆ. ಪಾಠವನ್ನು ಅದೇ ಹೇಳಿಬಿಡುವುದಿಲ್ಲ.

ಕೇಳುವುದೂ ಒಂದು ವಿದ್ಯೆ

ಅಧ್ಯಾಪಕರ ಅಭಿಪ್ರಾಯ ಪಡೆಯುವುದೆಂದರೆ ವರ್ಷದ ಕೊನೆಯಲ್ಲಿ ಒಂದು ನಮೂನೆ ತುಂಬಿಸಿಕೊಂಡು ಕಡತಕ್ಕೆ ಸೇರಿಸುವುದಲ್ಲ. ಕೋಣೆ ಹೇಗಿದೆ ಎಂದು ಕೇಳಿದರೆ ಪರವಾಗಿಲ್ಲ ಎಂಬ ಉತ್ತರ ಬರುತ್ತದೆ. ಎಲ್ಲ ವಿದ್ಯಾರ್ಥಿಗಳ ಮುಖ ಕಾಣುತ್ತದೆಯೇ, ಪಾಠ ಆರಂಭಿಸಲು ಎಷ್ಟು ನಿಮಿಷ ಬೇಕಾಯಿತು, ಯಾವ ಯಂತ್ರದ ಬಳಿಗೆ ಹೋಗಲಾಗಲಿಲ್ಲ ಎಂದು ಬಿಡಿಬಿಡಿಯಾಗಿ ಕೇಳಬೇಕು. ತರಗತಿಗಳು ಶುರುವಾದ ಎರಡು ಮೂರು ವಾರಗಳಲ್ಲೇ ಕೇಳಿದರೆ ಆ ವರ್ಷದ ವಿದ್ಯಾರ್ಥಿಗಳಿಗೇ ಪ್ರಯೋಜನವಾಗುತ್ತದೆ.

ಬಂದ ಉತ್ತರಗಳನ್ನು ಮೂರು ಗುಂಪು ಮಾಡಬಹುದು. ಕೆಟ್ಟ ದೀಪ, ಸಡಿಲ ತಂತಿಯಂತಹವು ಅಂದೇ ಸರಿಪಡಿಸುವಂಥವು. ಮೇಜುಗಳ ದಿಕ್ಕು, ಸ್ವಿಚ್ಚುಗಳ ಜಾಗ ರಜೆಯಲ್ಲಿ ಮಾಡುವಂಥವು. ಕಂಬ, ಕಿಟಕಿ, ಕೋಣೆಯ ಅಳತೆ ಮುಂದಿನ ಕಟ್ಟಡದ ನಕ್ಷೆಗೆ ಸೇರಬೇಕಾದವು. ಅಭಿಪ್ರಾಯಗಳು ಒಂದಕ್ಕೊಂದು ವಿರುದ್ಧವಾಗಿರುವುದೂ ಉಂಟು. ಕಾರ್ಯಕ್ರಮ ಬರೆಯುವುದನ್ನು ಕಲಿಸುವವರು ತಲೆಗೊಂದು ಯಂತ್ರ ಬೇಕೆನ್ನಬಹುದು. ಅಂಕಿಅಂಶಶಾಸ್ತ್ರ ಕಲಿಸುವವರು ಗುಂಪಿಗೊಂದು ಸಾಕೆನ್ನಬಹುದು. ಇಬ್ಬರೂ ಸರಿಯೇ. ಆಗ ಎರಡು ಬಗೆಯ ಕೋಣೆಗಳನ್ನು ಇಟ್ಟುಕೊಳ್ಳುವುದು ಜಾಣತನ. ಕೊನೆಯದಾಗಿ, ಹೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ, ಏಕೆ ಎಂದು ಹೇಳಿದವರಿಗೆ ತಿಳಿಸಬೇಕು. ಇಲ್ಲವಾದರೆ ಮುಂದಿನ ಬಾರಿ ಯಾರೂ ಬಾಯಿ ತೆರೆಯುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ

ಈಗ ನಿಮ್ಮ ಪ್ರಯೋಗಾಲಯವನ್ನು ನೆನಪಿಸಿಕೊಳ್ಳಿ. ಯಂತ್ರಗಳು ಗೋಡೆಗೆ ಒರಗಿಕೊಂಡಂತೆ ಮೂರು ಬದಿಗಳಲ್ಲಿವೆಯೇ? ವಿದ್ಯುತ್ ತಂತಿಗಳನ್ನು ಗೋಡೆಯ ಗುಂಟ ಎಳೆಯುವುದು ಸುಲಭವೆಂದು ಎಷ್ಟೋ ಕಡೆ ಹೀಗೆ ಮಾಡಿರುತ್ತಾರೆ. ಆದರೆ ಇದರಲ್ಲೂ ನಡುವೆ ನಿಂತ ಅಧ್ಯಾಪಕರಿಗೆ ಎಲ್ಲ ಪರದೆಗಳೂ ಕಾಣುತ್ತವೆ. ತಿರುಗುವ ಕುರ್ಚಿಗಳಿದ್ದು, ನಡುವಿನ ಜಾಗ ಖಾಲಿಯಿದ್ದು, ವಿವರಣೆಯ ಹೊತ್ತಿನಲ್ಲಿ ಎಲ್ಲರೂ ಒಳಮುಖವಾಗಿ ಕೂರುವ ಅಭ್ಯಾಸ ಮಾಡಿಕೊಂಡರೆ ಟ್ರಾಯ್ ನಗರದ ಉಪಾಯ ನಿಮ್ಮ ಕಾಲೇಜಿಗೂ ಒದಗುತ್ತದೆ. ಹೊಸ ಯಂತ್ರವೇನೂ ಬೇಕಾಗಿಲ್ಲ.

ಒಂದು ಅಳತೆ ಟೇಪು ತೆಗೆದುಕೊಂಡು ಪರದೆಯ ಎತ್ತರವನ್ನೂ ಕೊನೆಯ ಕುರ್ಚಿಯ ದೂರವನ್ನೂ ಅಳೆಯಿರಿ. ಒಂದು ವಾರ, ಪ್ರತಿ ತರಗತಿ ಶುರುವಾಗಲು ಎಷ್ಟು ನಿಮಿಷ ತಡವಾಯಿತೆಂದು ಬರೆದಿಡಿ. ನಿಮ್ಮ ಅಧ್ಯಾಪಕರಿಗೆ ಯಾವುದು ಕಷ್ಟವಾಗುತ್ತಿದೆ ಎಂದು ವಿನಯದಿಂದ ಕೇಳಿ, ನಿಮಗೆ ಕಂಡದ್ದನ್ನೂ ತಿಳಿಸಿ. ಅಂಕಿಗಳೊಂದಿಗೆ ಬರೆದ ಒಂದು ಪುಟದ ಮನವಿಯನ್ನು ಪ್ರಾಂಶುಪಾಲರು ತಳ್ಳಿಹಾಕುವುದು ಕಷ್ಟ.

ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗಿ ಬದಲಾಗುತ್ತವೆ. ಗೋಡೆ, ಮೇಜು, ದೀಪ, ದಾರಿಗಳು ಬಹುಕಾಲ ಉಳಿಯುತ್ತವೆ. ನೀವು ಇಂದು ಹೇಳಿದ ಒಂದು ಮಾತಿನಿಂದ ಮೇಜು ಸರಿಯಾದ ದಿಕ್ಕಿಗೆ ತಿರುಗಿದರೆ, ನಿಮ್ಮ ನಂತರ ಬರುವ ಹತ್ತಾರು ತಂಡಗಳ ವಿದ್ಯಾರ್ಥಿಗಳು ಅದರ ಫಲ ಉಣ್ಣುತ್ತಾರೆ. ಪರದೆಯ ಮರೆಯಲ್ಲಿ ಕುಳಿತು, ಕೇಳಲು ಹಿಂಜರಿಯುತ್ತಿದ್ದ ಒಬ್ಬ ವಿದ್ಯಾರ್ಥಿಯ ಮುಖ ಅಧ್ಯಾಪಕರಿಗೆ ಕಾಣುವಂತಾದರೂ ಆ ಶ್ರಮ ಸಾರ್ಥಕ.