ಭಿತ್ತಿಯ ಮೇಲಣ ಗೀತ-ನೃತ್ಯ

ಕಾಸರಗೋಡಿನ ಎಲ್ಲೆಗೆ ಒತ್ತಿಕೊಂಡಿರುವ ಕರಿಕೆಯಂಥ ಊರುಗಳಲ್ಲಿ, ಚೆಂಡೆಯ ಬಡಿತಕ್ಕೆ ಹೆಜ್ಜೆಯಿಡುವ ದೈವವನ್ನು ಕಂಡು ಬೆಳೆದವರಿಗೆ ಕುಣಿತವೂ ಪೂಜೆಯೆಂಬುದನ್ನು ಬೋಧಿಸಬೇಕಾಗಿಲ್ಲ. ಆದರೆ ಅವರೇ ಘಟ್ಟವನ್ನೇರಿ, ಭಾಗಮಂಡಲ ಮಡಿಕೇರಿಗಳನ್ನು ದಾಟಿ, ಕುಶಾಲನಗರದಾಚೆಯ ಬೈಲಕುಪ್ಪೆಯಲ್ಲಿ ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಎಂಬ ಟಿಬೆಟ್ಟಿನ ಬೌದ್ಧವಿಹಾರದ ವರ್ಣಚಿತ್ರಗಳೆದುರು ನಿಂತಾಗ ಒಂದು ಸಂದೇಹವೇಳಬಹುದು: ನೃತ್ಯ ಗೀತ ವಾದ್ಯಗಳಿಂದ ದೂರವಿರಬೇಕೆಂದು ಭಿಕ್ಷುಗಳಿಗೆ ವಿಧಿಸಿದ ಧರ್ಮವು ತನ್ನ ಆಲಯಗಳ ಗೋಡೆಯ ಮೇಲೆ ಅವುಗಳಿಗೇ ಎಡೆಗೊಟ್ಟುದೇಕೆ?

ಉತ್ತರವನ್ನು ಮೊದಲು ಅಜಂತೆಯಲ್ಲಿ ಅರಸಬೇಕು. ಅಲ್ಲಿಯ 1ನೆಯ ಗುಹೆಯ ಬುದ್ಧನ ಪೂರ್ವಜನ್ಮದ ಕಥೆಯಾದ ಮಹಾಜನಕ ಜಾತಕದ ಚಿತ್ರದಲ್ಲಿ, ಕೊಳಲು, ತಾಳ, ಮದ್ದಳೆಗಳನ್ನು ಹಿಡಿದ ಸ್ತ್ರೀಯರ ನಡುವೆ ಆಭರಣಭೂಷಿತೆಯಾದ ನರ್ತಕಿಯೊಬ್ಬಳು ಮೈಬಳುಕಿಸಿ ನಿಂತಿದ್ದಾಳೆ. ಕಥೆಯ ಅರಸನಾದರೋ ಈ ಸಮಸ್ತ ವೈಭವವನ್ನೂ ತೊರೆದು ವನಕ್ಕೆ ನಡೆಯತಕ್ಕವನು. ಚಿತ್ರಕಾರನು ನೃತ್ಯವನ್ನು ಕುರೂಪಗೊಳಿಸಿ ಹಳಿಯಲಿಲ್ಲ. ತ್ಯಜಿಸಿದ ವಸ್ತು ಎಷ್ಟು ಚೆಲುವಾದುದೆಂದು ಕಾಣಿಸದೆ ತ್ಯಾಗದ ತೂಕ ತಿಳಿಯದೆಂಬುದನ್ನು ಅವನು ಬಲ್ಲವನಾಗಿದ್ದನು. 17ನೆಯ ಗುಹೆಯಲ್ಲಿಯಾದರೆ ಇಂದ್ರನು ವಾದ್ಯಧಾರಿಗಳಾದ ಪರಿವಾರದೊಡನೆ ಮೇಘಗಳ ನಡುವೆ ತೇಲಿಬರುತ್ತಾನೆ. ಆ ಇಂದ್ರನ ಪರಿವಾರದ ಗಂಧರ್ವನಾದ ಪಂಚಶಿಖನು ವೀಣೆ ನುಡಿಸಿ ಹಾಡಿದಾಗ, ತಂತಿಯ ನಾದವೂ ಕಂಠದ ನಾದವೂ ಒಂದಾದುದನ್ನು ಬುದ್ಧನೇ ಮೆಚ್ಚಿದನೆಂದು ಪಾಲಿ ಸೂತ್ರವೊಂದು ಹೇಳುತ್ತದೆ. ನಿಷೇಧವಿದ್ದುದು ಮೈಮರೆವಿಗೆ, ನಾದಕ್ಕಲ್ಲ.

ಈ ಕುಂಚದ ಪರಂಪರೆಗೆ ಕನ್ನಡನಾಡೂ ಹೊರತಲ್ಲ. ಚಾಲುಕ್ಯ ಮಂಗಳೇಶನು ಮಾಡಿಸಿದ, 578ರ ಬಾದಾಮಿಯ 3ನೆಯ ಗುಹೆ ವೈಷ್ಣವವಾದರೂ, ಅಲ್ಲಿ ಅಳಿದುಳಿದ ಅರಮನೆಯ ನೃತ್ಯಗೋಷ್ಠಿಯ ಚಿತ್ರವು ಅಜಂತೆಯ ಶೈಲಿಗೆ ಸಮೀಪದ ಬಂಧು.

ಬೌದ್ಧರ ತಾಂತ್ರಿಕ ಪಂಥವಾಗಿ ಮುಂದೆ ಟಿಬೆಟ್ಟಿಗೂ ಹೋದ ವಜ್ರಯಾನದಲ್ಲಿ ಅಜಂತೆಯ ಆ ಭಾವ ಇನ್ನೊಂದು ಹೆಜ್ಜೆ ಮುಂದುವರಿಯಿತು: ಅಲ್ಲಿ ತೊರೆಯಬೇಕಾದುದೇ ಅರ್ಪಿಸಬೇಕಾದುದಾಯಿತು. ಲಾಸ್ಯಾ, ಮಾಲಾ, ಗೀತಾ, ನೃತ್ಯಾ ಎಂಬವರು ಅರ್ಪಣೆಯ ದೇವಿಯರೇ ಆದರು. ಪಂಚೇಂದ್ರಿಯಗಳ ನೈವೇದ್ಯವನ್ನು ಬರೆಯುವಾಗ ರೂಪಕ್ಕೆ ಕನ್ನಡಿಯನ್ನೂ ಶಬ್ದಕ್ಕೆ ವೀಣೆಯನ್ನೋ ತಾಳವನ್ನೋ ಇಡುವುದು ರೂಢಿಯಾಯಿತು. ದೇವಾಲಯದ ಬಾಗಿಲ ಬಳಿ ಚಿತ್ರಿತರಾಗುವ ನಾಲ್ವರು ದಿಕ್ಪಾಲರಲ್ಲಿ, ಪೂರ್ವದಿಕ್ಕಿನೊಡೆಯನೂ ಗಂಧರ್ವರಾಜನೂ ಆದ ಧೃತರಾಷ್ಟ್ರನ ಕೈಯಲ್ಲಿರುವುದು ಖಡ್ಗವಲ್ಲ, ವೀಣೆ.

ಟಿಬೆಟ್ಟಿನ ಹೊಸವರ್ಷವಾದ ಲೋಸರ್‌ಗೆ ಮುನ್ನ ಬೈಲಕುಪ್ಪೆಯ ವಿಹಾರದ ಅಂಗಳದಲ್ಲಿ ಭಿಕ್ಷುಗಳೇ ಮುಖವಾಡ ತೊಟ್ಟು, ನೀಳವಾದ ಕಹಳೆ, ತಮಟೆ, ತಾಳಗಳ ನಾದಕ್ಕೆ ಚಾಮ್ ನೃತ್ಯವನ್ನಾಡುತ್ತಾರೆ. ಕರಿಕೆಯಿಂದ ಹೋದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಲಾರದು.